ಅತ್ತೆಯ ಡಬ್ಬಿಗೆ ಹನ್ನೊಂದು ಪ್ರಶ್ನೆ

ಒಂದು ಊರಿತ್ತು. ಊರೆಂದ ಮೇಲೆ ಒಬ್ಬ ರಾಜನಿರಬೇಕು, ರಾಜನಿಗೊಬ್ಬಳು ರಾಣಿ, ರಾಣಿಗೊಂದು ಕಾಯಿಲೆ, ಕಾಯಿಲೆ ವಾಸಿಯಾಗಲು ಏಳು ಸಮುದ್ರದಾಚೆ ಅರಳುವ ಒಂದು ಹೂವು. ನಮ್ಮ ಕಥೆಯ ರಾಜ ಒಂಬತ್ತು ವರ್ಷದ ಹಿಂದೆಯೇ ತೀರಿಕೊಂಡು ಗೋಡೆಯ ಮೇಲಿನ ಫೋಟೋದಲ್ಲಿ ಮೀಸೆ ತಿರುವಿಕೊಂಡು ಕೂತಿದ್ದ. ರಾಣಿ ಮಾತ್ರ ಇದ್ದಳು. ಮೂರನೆಯ ಮಹಡಿಯ ಎರಡು ಕೋಣೆಯ ಮನೆಯಲ್ಲಿ, ಕಿಟಕಿಯ ಪಕ್ಕದ ಬೆತ್ತದ ಕುರ್ಚಿಯಲ್ಲಿ, ಮೊಣಕಾಲಿನ ಮೇಲೆ ಶಾಲು ಹೊದ್ದು ಕೂತಿದ್ದಳು. ಕಾಯಿಲೆಯೂ ಇತ್ತು. ಹೂವಿನ ಜಾಗದಲ್ಲಿ ಒಂದು ಡಬ್ಬಿ.

ಆ ಡಬ್ಬಿ ತರಲು ಹೊರಟ ವೀರನಿಗೆ ನಲವತ್ತೊಂದು ವರ್ಷ, ಅಷ್ಟಿಷ್ಟು ಹೊಟ್ಟೆ. ಕಥೆಗಳಲ್ಲಿ ವೀರರು ಮೊದಲು ಪರೀಕ್ಷೆ ಗೆದ್ದು ಆಮೇಲೆ ರಾಜಕುಮಾರಿಯ ಕೈ ಹಿಡಿಯುತ್ತಾರೆ. ನಮ್ಮವನು ಕೈ ಹಿಡಿದು ಹನ್ನೆರಡು ವರ್ಷವಾದ ಮೇಲೆ ಪರೀಕ್ಷೆ ಬಂದಿತ್ತು. ಅಷ್ಟು ತಡವಾಗಿ ಬಂದದ್ದಕ್ಕೂ ಕಾರಣವಿದೆ. ಈ ಹನ್ನೆರಡು ವರ್ಷದಲ್ಲಿ ಅತ್ತೆ ಅವನಿಗೆ ಯಾವ ಕೆಲಸವನ್ನೂ ಒಪ್ಪಿಸಿರಲಿಲ್ಲ. ಮದುವೆಯ ದಿನ ಸಭಾಂಗಣದ ಗೋಡೆಗಳಲ್ಲಿದ್ದ ಬೆಂಕಿ ನಂದಿಸುವ ಸಿಲಿಂಡರುಗಳ ತಾರೀಖು ನೋಡುತ್ತ ನೋಡುತ್ತ ಹಿಂಬಾಗಿಲಿನಿಂದ ಹೊರಗೆ ಹೋಗಿ, ಬಾಗಿಲು ತಾನೇ ಹಾಕಿಕೊಂಡು, ಮುಕ್ಕಾಲು ಗಂಟೆ ಯಾರಿಗೂ ಸಿಗದೇ ಹೋದ ಅಳಿಯನಿಗೆ ಯಾರು ತಾನೇ ಕೆಲಸ ಒಪ್ಪಿಸುತ್ತಾರೆ?

ಅವನನ್ನು ಇಡೀ ಕಟ್ಟಡವೇ ಸಿಲಿಂಡರಣ್ಣ ಎನ್ನುತ್ತಿತ್ತು. ಆಫೀಸು, ಆಸ್ಪತ್ರೆ, ಸಿನಿಮಾ ಮಂದಿರಗಳ ಗೋಡೆಗೆ ತೂಗುಹಾಕಿರುವ ಕೆಂಪು ಸಿಲಿಂಡರುಗಳನ್ನು ಪರೀಕ್ಷಿಸುವುದು ಅವನ ವೃತ್ತಿ. ಅವುಗಳ ಹೊಟ್ಟೆಯಲ್ಲಿರುವುದು ನುಣ್ಣನೆಯ ಪುಡಿ. ಬಹಳ ದಿನ ಅಲುಗಾಡದಿದ್ದರೆ ಅದು ಗಟ್ಟಿ ಕಟ್ಟುತ್ತದೆ. ಅದಕ್ಕೇ ಸಿಲಿಂಡರನ್ನು ತಲೆಕೆಳಗು ಮಾಡಿ, ತಳಕ್ಕೆ ರಬ್ಬರ್ ಸುತ್ತಿಗೆಯಿಂದ ಎರಡೇಟು ಕೊಟ್ಟು, ಕಿವಿಯಿಟ್ಟು, ಪುಡಿ ಜಾರುವ ಸದ್ದು ಕೇಳಬೇಕು. ತೂಕ ನೋಡಬೇಕು. ಸರಿಯಿದ್ದರೆ ಹಸಿರು ಚೀಟಿ ಕಟ್ಟಬೇಕು, ಇಲ್ಲವಾದರೆ ಕೆಂಪು. ಎಲ್ಲಕ್ಕಿಂತ ಮಿಗಿಲಾಗಿ, ಒಮ್ಮೆ ಮುದ್ರೆ ಒಡೆದ ಸಿಲಿಂಡರನ್ನು, ಅದರಿಂದ ಒಂದೇ ಒಂದು ಚಿಟಿಕೆ ಪುಡಿ ಹೊರಬಂದಿದ್ದರೂ, ನಂಬಬಾರದು. ಈ ಸೂತ್ರವನ್ನು ಅವನು ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ಮೀರಿರಲಿಲ್ಲ.

ಎರಡು ತಿಂಗಳ ಜ್ವರ ಬಿಟ್ಟ ಮೇಲೆ ಅತ್ತೆ ಅರ್ಧಕ್ಕರ್ಧ ಇಳಿದುಹೋಗಿದ್ದರು. ಡಾಕ್ಟರು ಹೇಳಿದ್ದು ಸ್ಪಷ್ಟವಾಗಿತ್ತು. "ಕಾಳು, ಬೇಳೆ, ಹಾಲು ಎಲ್ಲ ಒಳ್ಳೇದೇ. ಆದ್ರೆ ಇವರು ಎರಡು ತುತ್ತಿಗೇ ಸಾಕು ಅಂತಾರಲ್ಲ. ರಕ್ತಪರೀಕ್ಷೆ ನೋಡಿದೀನಿ, ಕಿಡ್ನಿ ಚೆನ್ನಾಗಿದೆ. ದಿನಕ್ಕೊಂದು ಅಳತೆ ಪ್ರೋಟೀನ್ ಪುಡಿ ಶುರು ಮಾಡಿ. ಕಣ್ಣು ಮುಚ್ಕೊಂಡು ಯಾವುದೋ ಒಂದು ತರಬೇಡಿ, ನೋಡಿ ಆರಿಸಿ."

ಭಾನುವಾರ ಮನೆಯಲ್ಲಿ ಸಭೆ ಸೇರಿತು. ದೊಡ್ಡಳಿಯ, ಅಂದರೆ ಸಿಲಿಂಡರಣ್ಣನ ಷಡ್ಡಕ, ಕಾರು ಮಾಡಿಕೊಂಡು ಬಂದಿದ್ದ. ಆರೋಗ್ಯದ ವಿಷಯದಲ್ಲಿ ಆತ ಮಾತಾಡಲು ಶುರುಮಾಡಿದರೆ ಆರೋಗ್ಯವಾಗಿದ್ದವರೂ ಮಲಗಿಬಿಡುತ್ತಿದ್ದರು.

"ನಮ್ಮನೆಗೆ ಬಂದುಬಿಡಿ ಅತ್ತೆ. ಲಿಫ್ಟ್ ಇದೆ, ಗಾಳಿ ಶುದ್ಧ ಮಾಡೋ ಯಂತ್ರ ಇದೆ, ನಾನೇ ಖುದ್ದಾಗಿ ಪುಡಿ ಕಲಸಿ ಕೊಡ್ತೀನಿ. ಪ್ರೋಟೀನ್ ಅಂದ್ರೆ ಏನು? ಅದರ ಮೂಲ ಏನು? ಮೊದಲು ಅದನ್ನ ತಿಳ್ಕೋಬೇಕು. ಈಗ ನೋಡಿ, ಜೀವಕೋಶ ಅನ್ನೋದು..."

ಅತ್ತೆ ಬೆರಳೆತ್ತಿದರು. ಮೂವತ್ತೆರಡು ವರ್ಷ ಟೆಲಿಫೋನ್ ವಿನಿಮಯ ಕೇಂದ್ರದಲ್ಲಿ ಕೂತು ಊರೂರಿನ ಕರೆಗಳನ್ನು ಜೋಡಿಸಿದವರು ಅವರು. ಮೂರು ನಿಮಿಷ ಮೀರಿದರೆ ಮಂತ್ರಿಯ ಮಾತಾದರೂ ಕತ್ತರಿಸುತ್ತಿದ್ದರಂತೆ. ನಿವೃತ್ತಿಯಾದರೂ ಬೆರಳು ನಿವೃತ್ತಿಯಾಗಿರಲಿಲ್ಲ. ದೊಡ್ಡಳಿಯನ ಜೀವಕೋಶ ಅಲ್ಲಿಗೇ ಒಡೆಯಿತು.

ದೊಡ್ಡ ಮಗಳ ಮನೆಯಲ್ಲಿ ಸೋಫಾಕ್ಕೆ ಪ್ಲಾಸ್ಟಿಕ್ ಹೊದಿಸಿದ್ದರು. ಕೂತರೆ ಕಿರುಗುಟ್ಟುತ್ತಿತ್ತು, ಎದ್ದರೆ ಯಾರಾದರೂ ಬಂದು ಒರೆಸುತ್ತಿದ್ದರು. ಅತ್ತೆಗೆ ಅಲ್ಲಿಗೆ ಹೋಗಲು ಸುತರಾಂ ಇಷ್ಟವಿರಲಿಲ್ಲ. ಅವರು ಸುತ್ತ ನೋಡಿದರು. ಚಿಕ್ಕ ಮಗಳು, ಅಂದರೆ ಸಿಲಿಂಡರಣ್ಣನ ಹೆಂಡತಿ, ಕನ್ನಡಕದ ಅಂಗಡಿಯ ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿದ್ದಳು. ಉಳಿದವನು ಒಬ್ಬನೇ, ಮೂಲೆಯಲ್ಲಿ ನಿಂತು ಹಾಲಿನ ಪುಡಿಯ ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದ.

"ಚಿಕ್ಕಳಿಯಂದ್ರು ಆರಿಸ್ತಾರೆ," ಎಂದರು ಅತ್ತೆ. "ಹಾಲೊಂದು ಬಿಟ್ಟು ಬೇರೆ ಪ್ರಾಣಿ ಸಂಬಂಧ ಇರಬಾರದು, ವಿಷ ಗಿಷ ಇರಬಾರದು. ಅವರು ಆರಿಸಿದ್ದನ್ನ ಕುಡೀತೀನಿ."

"ಶನಿವಾರದವರೆಗೆ ನೋಡೋಣ," ಎಂದ ದೊಡ್ಡಳಿಯ ನಗುತ್ತ. "ಅಷ್ಟರಲ್ಲಿ ಆಗದಿದ್ರೆ ನಾನು ಬಂದು ಕರ್ಕೊಂಡು ಹೋಗ್ತೀನಿ. ಏನಪ್ಪಾ, ಆಗುತ್ತಾ ನಿನ್ನ ಕೈಲಿ?"

ಸಿಲಿಂಡರಣ್ಣ ಎದೆಯುಬ್ಬಿಸಿದ. ಹೊಟ್ಟೆಯೂ ಜೊತೆಗೇ ಉಬ್ಬಿತು. "ಭಾವಾ, ಪುಡಿ ಅಂದ್ರಲ್ಲ. ಇಪ್ಪತ್ತು ವರ್ಷದಿಂದ ನಾನು ನೋಡಿರೋದೇ ಪುಡಿ. ಅತ್ತೆ, ಮಾತು ಕೊಟ್ಟೆ. ಶನಿವಾರ ನಿಮ್ಮ ಕೈಯಲ್ಲಿ ಲೋಟ."

ಸೋಮವಾರ ಅವನು ಅಂಗಡಿಗೆ ಹೋದದ್ದು ಯುದ್ಧಕ್ಕೆ ಹೋದ ಹಾಗಿತ್ತು. ಚೀಲದಲ್ಲಿ ರಬ್ಬರ್ ಸುತ್ತಿಗೆ, ತೂಗುವ ಕೊಕ್ಕೆ, ಹೆಂಡತಿ ಅಂಗಡಿಯಿಂದ ತಂದುಕೊಟ್ಟ ಭೂತಗನ್ನಡಿ. ಅಂಗಡಿಯ ಗೋಡೆಯ ತುಂಬ ಹಲ್ಲು ಕಚ್ಚಿಕೊಂಡು ನಿಂತ ಪೈಲ್ವಾನರ ಚಿತ್ರಗಳು. ಅಂಗಡಿಯವನು ಮಾತ್ರ ಪೊರಕೆ ಕಡ್ಡಿಯ ಹಾಗಿದ್ದ.

"ಯಾರಿಗೆ ಸಾರ್? ನಿಮಗಾ?" ಎಂದು ಅವನು ಹೊಟ್ಟೆಯ ಕಡೆ ನೋಡಿದ.

"ನಮ್ಮತ್ತೆಗೆ."

"ಓಹೋ. ಅತ್ತೆಯವರು ಈಗ ಎಷ್ಟು ಕೆಜಿ ಎತ್ತುತ್ತಾರೆ?"

"ಶಾಲು ಎತ್ತುತ್ತಾರೆ. ಅದೂ ಎರಡು ಕೈಯಲ್ಲಿ."

ಅಂಗಡಿಯವನು ಬಕೆಟ್ಟಿನಷ್ಟು ದೊಡ್ಡ ಡಬ್ಬಿಯೊಂದನ್ನು ಇಳಿಸಿದ. ಅದರ ಮೇಲೆ ಸಿಡಿಲಿನ ಚಿತ್ರವಿತ್ತು. ಸಿಲಿಂಡರಣ್ಣ ಅದನ್ನು ತಲೆಕೆಳಗು ಮಾಡಿ, ತಳಕ್ಕೆ ಸುತ್ತಿಗೆಯಿಂದ ಎರಡೇಟು ಹಾಕಿ, ಕಿವಿಯಿಟ್ಟ.

"ಗಟ್ಟಿ ಕಟ್ಟಿದೆ."

"ಏನು ಮಾಡ್ತಿದೀರಿ ಸಾರ್!"

"ತೇವ ಹೋಗಿದೆ ಒಳಗೆ. ಗೋಡೆಗೆ ತಾಗಿಸಿ ಇಟ್ಟಿದ್ರಾ?"

ಅಂಗಡಿಯವನು ಗೋಡೆಯ ಕಡೆ ನೋಡಿದ. ಗೋಡೆಯಲ್ಲಿ ನಿಜವಾಗಿಯೂ ತೇವವಿತ್ತು. ಅಲ್ಲೇ ನಿಂತು ಬೇರೆ ಡಬ್ಬಿ ಕೊಳ್ಳುತ್ತಿದ್ದ ತೋಳುಬಲದ ಮನುಷ್ಯನೊಬ್ಬ, ಬಾಗಿಲಲ್ಲಿ ಹಿಡಿಸುವುದೇ ಕಷ್ಟ ಎನ್ನುವಂಥವನು, ಕುತೂಹಲದಿಂದ ತನ್ನ ಡಬ್ಬಿಯನ್ನು ಮುಂದೆ ಹಿಡಿದ. "ಅಣ್ಣಾ, ಇದನ್ನೂ ಸ್ವಲ್ಪ ನೋಡಿ."

ಟಪ್, ಟಪ್. "ಇದು ಜಾರ್ತಾ ಇದೆ. ಆದ್ರೆ ತೂಕ... ಕೊಕ್ಕೆಗೆ ಹಾಕಿ. ಹಾಂ. ಸರಿ ಇದೆ, ತಗೊಳ್ಳಿ."

ಇನ್ನೊಬ್ಬ ಬಂದ. ಅವನ ಹಿಂದೆ ಮತ್ತಿಬ್ಬರು. ಹತ್ತು ನಿಮಿಷದಲ್ಲಿ ಅಂಗಡಿಯೊಳಗೆ ಸಾಲು ನಿಂತಿತು. ಬೆಟ್ಟದಂಥ ಆಳುಗಳು ಮಗುವನ್ನು ವೈದ್ಯರಿಗೆ ತೋರಿಸುವಂತೆ ಡಬ್ಬಿಗಳನ್ನು ಅಪ್ಪಿಕೊಂಡು, "ಅಣ್ಣಾ, ಇದು ಬದುಕುತ್ತಾ?" ಎಂದು ಕೇಳತೊಡಗಿದರು. ಸಿಲಿಂಡರಣ್ಣ ನಾಲ್ಕನ್ನು ಬೇಡವೆಂದ, ಆರನ್ನು ಪಾಸು ಮಾಡಿದ. ಅಂಗಡಿಯವನು ಕೈ ಮುಗಿದು, ಸಸ್ಯಾಹಾರಿಗಳಿಗೆ ಆಗುವಂಥವು ಎಂದು ಐದು ಡಬ್ಬಿಗಳನ್ನು ಚೀಲಕ್ಕೆ ತುಂಬಿದ. "ಮನೇಲಿ ಕೂತು ಆರಾಮಾಗಿ ಆರಿಸಿ ಸಾರ್. ಬೇಡದ್ದನ್ನ ವಾಪಸ್ ತನ್ನಿ, ತೆಗೆದಿರಬಾರದು ಅಷ್ಟೇ. ಆದ್ರೆ ದಯವಿಟ್ಟು ಹೊರಡಿ."

ಆ ಸಂಜೆ ಊಟದ ಮೇಜಿನ ಮೇಲೆ ಐದು ಡಬ್ಬಿಗಳು ಸಾಲಾಗಿ ನಿಂತವು. ಐದರ ಮೇಲೂ ಎಲೆಯ ಚಿತ್ರವಿತ್ತು.

"ಎಲೆ ಇದೆಯಲ್ರೀ, ಸಾಕಲ್ಲ?" ಎಂದಳು ಹೆಂಡತಿ.

"ನಮ್ಮನೆ ನೆಲ ಒರೆಸೋ ದ್ರಾವಣದ ಮೇಲೂ ಎಲೆ ಇದೆ. ಕುಡೀತೀಯಾ?"

ಅವನು ಭೂತಗನ್ನಡಿ ಹಿಡಿದು ಸಣ್ಣಕ್ಷರಗಳ ಕಾಡಿಗೆ ಇಳಿದ. ಮೊದಲನೆಯ ಡಬ್ಬಿಯಲ್ಲಿ ಡಿ ವಿಟಮಿನ್ ಸೇರಿಸಿದ್ದರು. ಅದು ಕುರಿಯ ಉಣ್ಣೆಯ ಜಿಡ್ಡಿನಿಂದ ತೆಗೆದದ್ದೆಂದು ಡಬ್ಬಿಯೇ ಒಪ್ಪಿಕೊಂಡಿತ್ತು. ಈ ಸುದ್ದಿ ಮನೆಯಲ್ಲಿ ಅರ್ಧ ಗಂಟೆಯ ವ್ಯಾಜ್ಯಕ್ಕೆ ಕಾರಣವಾಯಿತು.

"ಕುರೀನ ಕೊಂದಿಲ್ಲವಲ್ಲ, ಬರೀ ಕೂದಲು ಕತ್ತರಿಸಿದ್ದಾರೆ," ಎಂದಳು ಹೆಂಡತಿ.

ಆ ಹೊತ್ತಿಗೆ ಸರಿಯಾಗಿ ಕೆಳಗಿನ ಮನೆಯ ನಿವೃತ್ತ ಪೋಸ್ಟ್ ಮಾಸ್ಟರು ಪತ್ರಿಕೆ ವಾಪಸು ಕೊಡುವ ನೆಪದಲ್ಲಿ ಬಂದು ಸೇರಿಕೊಂಡಿದ್ದರು. "ಹಾಗಾದ್ರೆ ಉಣ್ಣೆಯ ಸ್ವೆಟರ್ ಹಾಕ್ಕೊಳ್ಳೋರೆಲ್ಲ ಮಾಂಸಾಹಾರಿಗಳೇನಮ್ಮಾ?" ಎಂದರು.

"ಸ್ವೆಟರ್ ಹಾಕ್ಕೋತೀವಿ ಪೋಸ್ಟ್ ಮಾಸ್ಟರೇ, ಬೇಯಿಸ್ಕೊಂಡು ತಿನ್ನಲ್ಲ," ಎಂದು ಅತ್ತೆ ಕಿಟಕಿಯ ಕಡೆಯಿಂದ ತೀರ್ಪು ಕೊಟ್ಟರು. ಕೆಂಪು ಚೀಟಿ.

ಎರಡನೆಯದರಲ್ಲಿ "ಗುಪ್ತ ಶಕ್ತಿ ಮಿಶ್ರಣ" ಎಂದಿತ್ತು. ಗುಪ್ತವಾಗಿರಲು ಇದೇನು ಬೇಹುಗಾರಿಕೆಯೇ? ಕೆಂಪು ಚೀಟಿ. ಮೂರನೆಯದರಲ್ಲಿ "ಸಹಜ ಪರಿಮಳ" ಎಂದಿತ್ತು. ಯಾವುದಕ್ಕೆ ಸಹಜ ಎಂದು ಹೇಳಿರಲಿಲ್ಲ. ಕೆಂಪು. ನಾಲ್ಕನೆಯದರ ಮುದ್ರೆ ಒಂದು ಮೂಲೆಯಲ್ಲಿ ಎದ್ದಿತ್ತು. ಕೆಂಪು, ಅದರ ಮೇಲೆ ಎರಡು ಗೆರೆ. ಐದನೆಯದು ಬಟಾಣಿಯದು. ಹೊರಗಿನಿಂದ ನೋಡಿದರೆ ಎಲ್ಲವೂ ಸರಿ. ಒಳಗೆ ಹೇಗಿದೆಯೋ ನೋಡಬೇಕಲ್ಲ? ಸಿಲಿಂಡರಣ್ಣ ಮುದ್ರೆ ಹರಿದ. ಅಳತೆಯ ಚಮಚ ಎಂದಿನಂತೆ ಪುಡಿಯ ತಳದಲ್ಲಿ ಹೂತುಹೋಗಿತ್ತು. ಮೊಣಕೈವರೆಗೆ ಕೈ ಹಾಕಿ ತೆಗೆದ. ಬಣ್ಣ ನೋಡಿದ, ಮೂಸಿದ, ನಾಲಿಗೆಯ ತುದಿಗೆ ಹಚ್ಚಿಕೊಂಡ.

"ಅತ್ಯುತ್ತಮ!" ಎಂದ.

"ಅಬ್ಬ, ಅಮ್ಮನಿಗೆ ಕಲಸಲಾ?" ಎಂದು ಹೆಂಡತಿ ಎದ್ದಳು.

"ಕಲಸೋದಾ? ಮುದ್ರೆ ಒಡೆದಿದೆಯಲ್ಲೇ!" ಎಂದು ಅವನು ಗಾಬರಿಯಿಂದ ಕೆಂಪು ಚೀಟಿ ಕಟ್ಟಿದ.

ಹೆಂಡತಿ ಅವನನ್ನೇ ಸ್ವಲ್ಪ ಹೊತ್ತು ನೋಡಿದಳು. ಹನ್ನೆರಡು ವರ್ಷದ ಸಂಸಾರದಲ್ಲಿ ಆ ನೋಟಕ್ಕೆ ಒಂದು ಹದ ಬಂದಿತ್ತು. ಒಳಗೆ ಹೋಗಿ ತಟ್ಟೆಗಳನ್ನು ಅಗತ್ಯಕ್ಕಿಂತ ಸ್ವಲ್ಪ ಜೋರಾಗಿ ಜೋಡಿಸಿದಳು.

ಮಂಗಳವಾರ ಮತ್ತೆರಡು ಡಬ್ಬಿ ಬಂದವು. ಎರಡೂ ತಪಾಸಣೆಗೆಂದು ತೆರೆಯಲ್ಪಟ್ಟವು, ತೆರೆದ ಕಾರಣಕ್ಕೇ ತಿರಸ್ಕೃತವಾದವು. ತೆರೆಯದೆ ಗುಣ ತಿಳಿಯದು, ತೆರೆದರೆ ಗುಣ ಉಳಿಯದು. ದೊಡ್ಡ ದೊಡ್ಡ ಜ್ಞಾನಿಗಳು ಗುಹೆಯಲ್ಲಿ ಕೂತು ಯೋಚಿಸಬೇಕಾದ ಈ ಸಮಸ್ಯೆಯನ್ನು ಸಿಲಿಂಡರಣ್ಣ ಊಟದ ಮೇಜಿನ ಮೇಲೆ ಎದುರಿಸುತ್ತಿದ್ದ. ತೆರೆದಿದ್ದರಿಂದ ಅಂಗಡಿಗೂ ವಾಪಸಾಗದ ಡಬ್ಬಿಗಳನ್ನು ಎಸೆಯುವುದೇಕೆಂದು ಪೋಸ್ಟ್ ಮಾಸ್ಟರು ಒಂದೊಂದಾಗಿ ಕೆಳಗೆ ಸಾಗಿಸತೊಡಗಿದರು.

"ನಿಮ್ಮ ಅತ್ತೆಗಾಗದ್ದು ನನಗಾಗುತ್ತೆ ಅಂತ ನಿಮ್ಮ ಲೆಕ್ಕಾನಾ?" ಎಂದು ಮೊದಲ ದಿನ ಸಿಟ್ಟಾಗಿದ್ದರು.

"ನೀವು ಸ್ವೆಟರ್ ಪರ ವಾದ ಮಾಡಿದ್ರಲ್ಲ ಸಾರ್, ಅದಕ್ಕೆ."

ಬುಧವಾರದ ಹೊತ್ತಿಗೆ ಅವರು ಬೆಳಿಗ್ಗೆಯೇ ಮೆಟ್ಟಿಲ ಬುಡದಲ್ಲಿ ನಿಂತು, "ಇವತ್ತು ಯಾವುದು ಫೇಲಾಯ್ತು?" ಎಂದು ಕೂಗುತ್ತಿದ್ದರು. ಮೂರು ಮಹಡಿಯನ್ನು ಎಲ್ಲೂ ನಿಲ್ಲದೆ ಹತ್ತಿ ಬಂದು, "ನೋಡಿ, ಏದುಸಿರೇ ಬರ್ತಿಲ್ಲ," ಎಂದು ಹೆಮ್ಮೆಯಿಂದ ಹೇಳುತ್ತಿದ್ದರು. ಬೆತ್ತದ ಕುರ್ಚಿಯಲ್ಲಿದ್ದ ಅತ್ತೆ ಅದನ್ನು ನೋಡಿ ಶಾಲನ್ನು ಬಿಗಿಯಾಗಿ ಎಳೆದುಕೊಂಡರು. ಅಂದು ಬೆಳಿಗ್ಗೆ ಅವರು ಸ್ನಾನದ ಮನೆಯಿಂದ ಬರುವಾಗ ಎರಡು ಕಡೆ ಗೋಡೆ ಹಿಡಿದು ನಿಂತಿದ್ದರು.

"ಅಳಿಯಂದ್ರೇ," ಎಂದರು ಮೆಲ್ಲಗೆ. "ಊರಿಗೆಲ್ಲ ಬಲ ಬಂತು. ನನ್ನ ಸರದಿ ಯಾವಾಗ?"

ಸಿಲಿಂಡರಣ್ಣನಿಗೆ ಆ ಮಾತು ನಾಟಿತು. ತೆರೆಯದೆಯೇ ಒಳಗಿನದು ತಿಳಿಯಬೇಕು. ಹಾಗಾದರೆ ಒಳಗೆ ತುಂಬಿದವರನ್ನೇ ಕೇಳಬೇಕು!

ಅವನ ಬಳಿ ಕಂಪನಿಯ ಕಾಗದವಿತ್ತು. ತಲೆಯ ಮೇಲೆ ಅಂಗೈಯಗಲ ಕೆಂಪು ಜ್ವಾಲೆ, ಅದರ ಕೆಳಗೆ "ಅಗ್ನಿ ಅಪಾಯ ತಪಾಸಣೆ" ಎಂಬ ದಪ್ಪಕ್ಷರ. ಮಾಮೂಲಿ ಬಿಳಿ ಹಾಳೆಯಲ್ಲೂ ಬರೆಯಬಹುದಿತ್ತು. ಆದರೆ ಜೀವಮಾನದಲ್ಲಿ ಮೊದಲ ಸಲ ಅತ್ತೆ ಒಪ್ಪಿಸಿದ ಕೆಲಸ. ಅದಕ್ಕೊಂದು ಗತ್ತು ಬೇಡವೇ? ಅವನು ಆರು ತಯಾರಕರಿಗೆ ಆರು ಪತ್ರ ಬರೆದ.

"ಮಾನ್ಯರೇ, ತಮ್ಮ ಪುಡಿಯ ಬಗ್ಗೆ ಗಂಭೀರ ಸಂದೇಹಗಳು ಎದ್ದಿವೆ. ಒಂದು ಜೀವದ ಪ್ರಶ್ನೆ. ಈ ಕೆಳಗಿನ ಹನ್ನೊಂದು ಪ್ರಶ್ನೆಗಳಿಗೆ ಶನಿವಾರ ಬೆಳಿಗ್ಗೆ ಹನ್ನೊಂದರೊಳಗೆ ದಾಖಲೆ ಸಮೇತ ಉತ್ತರ ಬರಬೇಕು. ಮೂಲ ಯಾವ ಗಿಡ? ವಿಟಮಿನ್ನು, ಪರಿಮಳಗಳಲ್ಲಿ ಪ್ರಾಣಿ ಮೂಲದ್ದು ಏನಾದರೂ ಉಂಟೇ? ಸೀಸದಂಥ ಲೋಹಗಳಿಗಾಗಿ ಹೊರಗಿನ ಪ್ರಯೋಗಾಲಯ ಪರೀಕ್ಷೆ ಮಾಡಿದೆಯೇ, ಅಥವಾ ನೀವೇ ಮೂಸಿ ನೋಡಿದಿರೋ? ಪರೀಕ್ಷೆಯಾದ ಬ್ಯಾಚೂ ಮಾರುವ ಬ್ಯಾಚೂ ಒಂದೇ ಏನು? ಒಂದು ಚಮಚ ಎಂದರೆ ಯಾರ ಚಮಚ?..." ಹೀಗೆ ಹೋಗಿ, ಹನ್ನೊಂದನೆಯದು ಬರೀ "ಚಮಚ ತಳದಲ್ಲಿ ಏಕೆ?" ಎಂದಿತ್ತು. ಕೆಳಗೆ ರುಜು, ಅದರ ಕೆಳಗೆ ಹುದ್ದೆ: ಹಿರಿಯ ತಪಾಸಕ, ಪುಡಿ ವಿಭಾಗ. ಅದು ಸುಳ್ಳಾಗಿರಲಿಲ್ಲ. ಪುಡಿ ತುಂಬಿದ ಸಿಲಿಂಡರುಗಳಿಗೆ ಅವನ ಆಫೀಸಿನಲ್ಲಿ ಪ್ರತ್ಯೇಕ ವಿಭಾಗವೇ ಇತ್ತು, ಅವನೇ ಅದರ ಹಿರಿಯ, ಕಿರಿಯ ಎಲ್ಲ. ಮನೆಯ ವಿಳಾಸ ಬರೆದು, ಆರನ್ನೂ ಕಂಪ್ಯೂಟರಿನಲ್ಲಿ ಕಳಿಸಿದ.

ಶುಕ್ರವಾರ ಮ್ಯಾನೇಜರು ಕರೆಸಿದರು. ಮೇಜಿನ ಮೇಲೆ ಟೆಲಿಫೋನು ಇನ್ನೂ ಬಿಸಿಯಾಗಿದ್ದಂತೆ ಕಂಡಿತು.

"ಏನ್ರೀ ಇದು? ಬೆಳಿಗ್ಗೆಯಿಂದ ಮೂರು ಕಂಪನಿಯವರು ಫೋನ್ ಮಾಡಿದ್ರು. ಅವರ ಡಬ್ಬಿ ಎಲ್ಲಿ ಹೊತ್ತಿಕೊಳ್ತು ಅಂತ ಕೇಳ್ತಾರೆ!"

"ತಾವು ಏನಂದ್ರಿ ಸಾರ್?"

"ನನಗೇನು ಗೊತ್ತು? ಸದ್ಯಕ್ಕೆ ಎಲ್ಲೂ ಹೊತ್ತಿಲ್ಲ ಅಂದೆ. 'ಸದ್ಯಕ್ಕಾ?' ಅಂತ ಒಬ್ಬ ಅಳೋಕೇ ಶುರು ಮಾಡ್ದ."

ಸಿಲಿಂಡರಣ್ಣ ತಲೆ ತಗ್ಗಿಸಿದ. ಮ್ಯಾನೇಜರು ಗಂಟಲು ಸರಿಪಡಿಸಿಕೊಂಡು ದನಿ ತಗ್ಗಿಸಿದರು. "ಆಮೇಲೆ ಅವನೇ ಗೋದಾಮಿಗೆ ನಲವತ್ತು ಸಿಲಿಂಡರ್ ಬೇಕು ಅಂದ. ಇನ್ನೂ ಯಾರಿಗಾದ್ರೂ ಬರೆಯೋದಿದ್ರೆ ನನ್ನ ಕೇಳಿ ಬರೀರಿ. ಕಾಗದ ಸಾಕಷ್ಟಿದೆಯಾ?"

ಶನಿವಾರ ಹತ್ತೂವರೆಗೆ ದೊಡ್ಡಳಿಯ ಬಂದ. ಒಂದು ಕೈಯಲ್ಲಿ ಕಾರಿನ ಬೀಗದ ಕೈ, ಇನ್ನೊಂದರಲ್ಲಿ ಮಿಂಚುವ ಡಬ್ಬಿ. ಅತ್ತೆಯ ಬಟ್ಟೆಯ ಪೆಟ್ಟಿಗೆ ಹೊಸ್ತಿಲ ಹತ್ತಿರ ಸಿದ್ಧವಾಗಿತ್ತು. ಅತ್ತೆ ಬೆತ್ತದ ಕುರ್ಚಿಯಲ್ಲಿ, ಎಂದಿಗಿಂತ ಸಣ್ಣಗೆ ಕಾಣುತ್ತ ಕೂತಿದ್ದರು. ಪೋಸ್ಟ್ ಮಾಸ್ಟರು ಬೀಳ್ಕೊಡಲೆಂದು ಬಂದವರು, ಇನ್ನು ಮೇಲೆ ಡಬ್ಬಿ ಸಿಗುವುದಿಲ್ಲವಲ್ಲ ಎಂಬ ನಿಜವಾದ ದುಃಖದಲ್ಲಿದ್ದರು.

"ಎಲ್ಲಪ್ಪಾ ನಿನ್ನ ಡಬ್ಬಿ?" ಎಂದ ದೊಡ್ಡಳಿಯ.

"ಹನ್ನೊಂದಕ್ಕೆ ಇನ್ನೂ ಅರ್ಧ ಗಂಟೆ ಇದೆ ಭಾವಾ."

"ಇದನ್ನ ನೋಡು. ಆರು ತಿಂಗಳಿಂದ ನಾನೇ ಕುಡೀತಿದೀನಿ. ಶುದ್ಧ ಸಸ್ಯಾಹಾರ! ಚರ್ಮ ನೋಡು, ಹೊಳಪು ನೋಡು. ಇದರ ಗುಟ್ಟೇನು ಗೊತ್ತಾ? ನಮ್ಮ ದೇಹದಲ್ಲಿ..."

ದೇಹದೊಳಗೆ ಆತ ಪ್ರಯಾಣ ಮಾಡುತ್ತಿರುವಾಗ ಸಿಲಿಂಡರಣ್ಣ ಅಭ್ಯಾಸಬಲದಿಂದ ಡಬ್ಬಿ ಎತ್ತಿಕೊಂಡು ಭೂತಗನ್ನಡಿ ಹಿಡಿದ. ಒಂದು ಸುತ್ತು ತಿರುಗಿಸಿದ. ನಿಂತ. ಮತ್ತೆ ಓದಿದ.

"ಭಾವಾ, ನೀವು ಆರು ತಿಂಗಳಿಂದ ಕುಡೀತಿರೋದು ಇದೇನಾ?"

"ಇದೇ! ದಿನಕ್ಕೆರಡು ಸಲ!"

"ಇಲ್ಲಿ, ಕೆಳಗಿನಿಂದ ಎರಡನೇ ಸಾಲು. ಮೀನಿನ ಚರ್ಮದಿಂದ ತೆಗೆದ ಕೊಲಾಜನ್ ಅಂತಿದೆ."

ದೊಡ್ಡಳಿಯ ಭೂತಗನ್ನಡಿಯನ್ನು ಕಿತ್ತುಕೊಂಡು ಓದಿದ. ಎಲೆಯ ಚಿತ್ರ ನೋಡಿದ. ಮತ್ತೆ ಓದಿದ. ಆಮೇಲೆ ಕನ್ನಡಿಯ ಮುಂದೆ ಹೋಗಿ ತನ್ನ ಹೊಳೆಯುವ ಕೆನ್ನೆಯನ್ನು ಬೇರೆಯವರ ಕೆನ್ನೆಯೆಂಬಂತೆ ಮುಟ್ಟಿ ನೋಡಿಕೊಂಡ.

"ದಿನಕ್ಕೆರಡು ಸಲ," ಎಂದರು ಪೋಸ್ಟ್ ಮಾಸ್ಟರು ಸಹಾನುಭೂತಿಯಿಂದ. "ಅಂದ್ರೆ ಮುನ್ನೂರ ಅರವತ್ತು."

ಹನ್ನೊಂದಕ್ಕೆ ಐದು ನಿಮಿಷವಿರುವಾಗ ಬಾಗಿಲು ಬಡಿಯಿತು. ಹೊರಗೆ ಟೈ ಕಟ್ಟಿದ ಮನುಷ್ಯನೊಬ್ಬ, ಮೂರು ಮಹಡಿ ಹತ್ತಿದ ಬೆವರಿನಲ್ಲಿ, ಎದೆಗೆ ಒಂದು ದಪ್ಪ ಫೈಲು ಅವಚಿಕೊಂಡು ನಿಂತಿದ್ದ. ಫೈಲಿನ ಮೇಲೆ ಮುದ್ರೆ ಒಡೆಯದ ಒಂದು ಡಬ್ಬಿ.

"ಹಿರಿಯ ತಪಾಸಕರು... ಪುಡಿ ವಿಭಾಗ... ಇಲ್ಲೇನಾ?"

"ನಾನೇ."

ಟೈಯವನು ಬನಿಯನ್ನಿನಲ್ಲಿದ್ದ ಹಿರಿಯ ತಪಾಸಕರನ್ನೂ ಮೇಜಿನ ಮೇಲಿನ ರಬ್ಬರ್ ಸುತ್ತಿಗೆಯನ್ನೂ ನೋಡಿ ಫೈಲನ್ನು ಇನ್ನಷ್ಟು ಬಿಗಿಯಾಗಿ ಅವಚಿಕೊಂಡ. ಕೂತುಕೊಳ್ಳಿ ಎಂದರೂ ಕೂರಲಿಲ್ಲ. "ಎಲ್ಲ ತಂದಿದೀನಿ ಸಾರ್. ಹನ್ನೊಂದಕ್ಕೆ ಹನ್ನೊಂದು. ಮೂಲ ಹಳದಿ ಬಟಾಣಿ, ಬೆಳೆದವರ ಪಟ್ಟಿ ಇದೆ. ವಿಟಮಿನ್ ಸೇರಿಸಿಲ್ಲ, ಪರಿಮಳ ಸೇರಿಸಿಲ್ಲ, ಅದಕ್ಕೇ ನಮ್ಮದು ಅಷ್ಟಾಗಿ ಖರ್ಚಾಗಲ್ಲ. ಲೋಹದ ಪರೀಕ್ಷೆ ಹೊರಗಿನ ಪ್ರಯೋಗಾಲಯದ್ದು, ಈ ಡಬ್ಬಿ ಮೇಲಿನ ನಂಬರೂ ವರದಿ ನಂಬರೂ ಒಂದೇ, ನೋಡಿ ಸಾರ್. ಹನ್ನೊಂದನೇ ಪ್ರಶ್ನೆಗೆ..." ಅವನು ಟೈ ಸಡಿಲಿಸಿಕೊಂಡ. "ತುಂಬೋ ಯಂತ್ರ ಮೊದಲು ಚಮಚ ಹಾಕುತ್ತೆ ಸಾರ್, ಆಮೇಲೆ ಪುಡಿ. ಬೇಕಾದ್ರೆ ಯಂತ್ರ ನಿಲ್ಲಿಸ್ತೀವಿ."

ಸಿಲಿಂಡರಣ್ಣ ಒಂದೊಂದೇ ಹಾಳೆ ತಿರುವಿದ. ಎಷ್ಟು ಮರ್ಯಾದಸ್ಥ ಕಂಪನಿ! ಒಬ್ಬ ಗಿರಾಕಿ ಪತ್ರ ಬರೆದರೆ ಮನೆಗೇ ಬಂದು ಉತ್ತರ ಹೇಳುತ್ತಾರಲ್ಲ, ಎಂದು ಅವನ ಹೃದಯ ತುಂಬಿಬಂತು.

"ಸಾರ್, ಒಂದು ಮಾತು," ಎಂದ ಟೈಯವನು. "ನಮ್ಮ ಪುಡಿ ತಾನಾಗೇ ಹೊತ್ತಿಕೊಳ್ಳಲ್ಲ ಸಾರ್. ಯಾವ ದುರಂತದ ತನಿಖೆ ಇದು?"

"ದುರಂತ ಅಲ್ಲ," ಎಂದ ಸಿಲಿಂಡರಣ್ಣ. "ಅತ್ತೆ."

"ಹೊತ್ತಿಕೊಳ್ಳೋದಾ!" ಎಂದು ಪೋಸ್ಟ್ ಮಾಸ್ಟರು ಕುರ್ಚಿಯಿಂದ ಹಾರಿದರು. "ನಾನು ಐದು ದಿನದಿಂದ ಬಗೆಬಗೆ ಪುಡಿ ತಿಂದು ಕೂತಿದೀನಿ! ಒಲೆ ಹತ್ರ ಹೋಗ್ಬಹುದೇನ್ರೀ? ಬಿಸಿನೀರು ಸ್ನಾನ?"

ಅವರಿಗೆ ಸಮಾಧಾನ ಹೇಳಿ, ಟೈಯವನಿಗೆ ಜ್ವಾಲೆಯ ಚಿತ್ರದ ಗುಟ್ಟು ಬಿಡಿಸಿ ಹೇಳುವಷ್ಟರಲ್ಲಿ ಹೆಂಡತಿಗೆ ಸಾಕುಸಾಕಾಯಿತು. ಟೈಯವನು ಕೊನೆಗೂ ಕೂತ. ನಗಬೇಕೋ ಅಳಬೇಕೋ ತೀರ್ಮಾನವಾಗದೆ ಒಂದು ಲೋಟ ನೀರು ಕೇಳಿದ.

"ಇಲ್ಲಿ ಬನ್ನಿ," ಎಂದು ಅತ್ತೆ ಅವನನ್ನು ಹತ್ತಿರ ಕರೆದರು. ಮೂವತ್ತೆರಡು ವರ್ಷ ತಂತಿಯೊಳಗೆ ಜನರ ಉಸಿರು ಕೇಳಿದ ಕಿವಿ ಅವರದು. ಸುಳ್ಳು ಹೇಳುವವನು ಮಾತಿಗೆ ಮೊದಲು ಹೇಗೆ ಉಸಿರೆಳೆದುಕೊಳ್ಳುತ್ತಾನೆಂದು ಅವರಿಗೆ ಗೊತ್ತಿತ್ತು. "ನಿಮ್ಮ ಮನೇಲಿ ಯಾರಾದ್ರೂ ಕುಡೀತಾರಾ ಇದನ್ನ?"

"ನಮ್ಮಮ್ಮ ಕುಡೀತಾರೆ. ದಿನಾ ಬೆಳಿಗ್ಗೆ ನನ್ನ ಬೈಕೊಂಡು ಬೈಕೊಂಡೇ ಕುಡೀತಾರೆ."

"ನಿಜ ಹೇಳ್ತಿದಾನೆ," ಎಂದರು ಅತ್ತೆ.

ಈಗ ಎಲ್ಲರ ಕಣ್ಣೂ ಸಿಲಿಂಡರಣ್ಣನ ಮೇಲೆ. ಅವನು ಅಂಗಿ ತೊಟ್ಟುಕೊಂಡು ಬಂದ. ಡಬ್ಬಿಯನ್ನು ತಲೆಕೆಳಗು ಮಾಡಿ ಟಪ್, ಟಪ್ ಎಂದು ಬಡಿದ. ಕಿವಿಯಿಟ್ಟ. ಒಳಗೆ ಪುಡಿ ಹೊಸ ರೇಷ್ಮೆ ಜಾರಿದಂತೆ ಜಾರಿತು. ಕೊಕ್ಕೆಗೆ ಹಾಕಿದ, ಮುಳ್ಳು ಕೂದಲೆಳೆಯಷ್ಟೂ ಅತ್ತಿತ್ತ ಆಗಲಿಲ್ಲ. ಮುದ್ರೆಯ ಸುತ್ತ ಉಗುರಾಡಿಸಿದ. ಆಮೇಲೆ, ಒಂದು ವಾರದಲ್ಲಿ ಮೊದಲ ಸಲ, ಹಸಿರು ಚೀಟಿ ಬರೆದು, ರುಜು ಹಾಕಿ, ಡಬ್ಬಿಯ ಕೊರಳಿಗೆ ಕಟ್ಟಿದ. ಪೋಸ್ಟ್ ಮಾಸ್ಟರು ಚಪ್ಪಾಳೆ ತಟ್ಟಿದರು. ಟೈಯವನ ಕಣ್ಣು ತೇವವಾಯಿತು. ಅವನ ಡಬ್ಬಿಗೆ ಈವರೆಗೆ ಯಾರೂ ಇಷ್ಟು ಗೌರವ ತೋರಿಸಿರಲಿಲ್ಲ. ಸಿಲಿಂಡರಣ್ಣ ಡಬ್ಬಿಯನ್ನು ಎರಡು ಕೈಯಲ್ಲೂ ಎತ್ತಿ, ಗೋಡೆಯ ಕಪಾಟಿನ ಮೇಲೆ, ಎಲ್ಲರಿಗೂ ಕಾಣುವಂತೆ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು ಹೆಮ್ಮೆಯಿಂದ ನೋಡಿದ.

ಎಲ್ಲರೂ ಕಾದರು.

"ರೀ, ಕಲಸ್ರೀ," ಎಂದಳು ಹೆಂಡತಿ.

"ಕಲಸ್ಬೇಕಾದ್ರೆ ತೆಗೀಬೇಕು," ಎಂದ ಅವನು, ಮಗುವಿಗೆ ಬಿಡಿಸಿ ಹೇಳುವವನಂತೆ. "ತೆಗೆದ್ರೆ ಮುದ್ರೆ ಒಡೆಯುತ್ತೆ. ಒಡೆದ್ರೆ..."

ಅತ್ತೆಯ ಬೆರಳು ಮೇಲೆದ್ದಿತು. ಅವನ ಮಾತು ಕತ್ತರಿಸಿತು. ಅವರು ಶಾಲನ್ನು ಕುರ್ಚಿಯ ಮೇಲೆ ಬಿಟ್ಟು, ಒಂದು ಕೈಯಲ್ಲಿ ಕಿಟಕಿ, ಇನ್ನೊಂದರಲ್ಲಿ ಮೇಜು ಹಿಡಿದು, ಹೆಜ್ಜೆ ಎಣಿಸಿಕೊಂಡು ಕಪಾಟಿನವರೆಗೆ ನಡೆದರು. ದೊಡ್ಡಳಿಯ ಹಿಡಿದುಕೊಳ್ಳಲು ಬಂದ, ಕಣ್ಣಲ್ಲೇ ನಿಲ್ಲಿಸಿದರು. ಡಬ್ಬಿಯನ್ನು ಎರಡು ಕೈಯಲ್ಲಿ ಇಳಿಸಿ ಎದೆಗೆ ಒತ್ತಿಕೊಂಡರು.

"ಅಳಿಯಂದ್ರೇ. ನಿಮ್ಮ ಸಿಲಿಂಡರ್ ಯಾರೂ ಮುಟ್ಟದೆ ಗೋಡೆ ಮೇಲೆ ಹಂಗೇ ಇದ್ರೆ ಊರಿಗೆ ಕ್ಷೇಮ. ನಿಮ್ಮ ವಿದ್ಯೆ ಅದಕ್ಕೆ ಸರಿ. ಆದ್ರೆ ಇದು ಗೋಡೆಗಲ್ಲ, ನನಗೆ. ನನ್ನನ್ನೂ ಮುದ್ರೆ ಹಾಕಿ ತೂಗುಹಾಕ್ತೀರೇನು?"

ಸಿಲಿಂಡರಣ್ಣ ಬಾಯಿ ತೆರೆದ. ಇಪ್ಪತ್ತು ವರ್ಷದ ಸೂತ್ರ ಅವನ ಗಂಟಲಲ್ಲಿ ಒಂದು ಸಲ ಹೊರಳಿ, ಅಲ್ಲೇ ಕೂತುಬಿಟ್ಟಿತು. "ಇಲ್ಲ ಅತ್ತೆ," ಎಂದ.

"ನೀವು ಆರಿಸಿದ್ದು ತಾನೇ?"

"ನಾನೇ ಆರಿಸಿದ್ದು."

"ಹಂಗಾದ್ರೆ ಒಡೀರಿ."

ಅವನು ಡಬ್ಬಿ ತೆಗೆದುಕೊಂಡು ಮುದ್ರೆಯ ಅಂಚು ಹಿಡಿದ. ಕಣ್ಣು ಮುಚ್ಚಿಕೊಂಡು, ತಲೆ ಆಚೆ ತಿರುಗಿಸಿ, ಪಟಾಕಿಯ ಬತ್ತಿ ಹಚ್ಚುವವನಂತೆ ದೂರದಿಂದ ಎಳೆದ. ಚರ್ರೆಂದಿತು. ಏನೂ ಆಗಲಿಲ್ಲ. ಪೋಸ್ಟ್ ಮಾಸ್ಟರು ಮೇಜಿನ ಹಿಂದಿನಿಂದ ಎದ್ದು ಬಂದರು.

ಟೈಯವನೇ ಓಡಿಬಂದು ತಳದಿಂದ ಚಮಚ ತೆಗೆದುಕೊಟ್ಟು, ಕ್ಷಮಿಸಿ ಎಂದ. ಹೆಂಡತಿ ಉಗುರು ಬೆಚ್ಚನೆಯ ಹಾಲು ತಂದಳು. ಸಿಲಿಂಡರಣ್ಣ ಅಳತೆಗೆ ಸರಿಯಾಗಿ ಪುಡಿ ಹಾಕಿ, ಗಂಟಿಲ್ಲದಂತೆ ಕಲಸಿ, ಲೋಟವನ್ನು ಬೆಳಕಿಗೆ ಹಿಡಿದು ನೋಡಿ, ಅತ್ತೆಯ ಕೈಗೆ ಕೊಟ್ಟ. ಆಗ ಹನ್ನೊಂದೂ ಇಪ್ಪತ್ತು. ಇನ್ನೂ ಶನಿವಾರವೇ.

ಅತ್ತೆ ಒಂದು ಗುಟುಕು ಕುಡಿದರು. ಮುಖ ಕಿವುಚಿದರು. ಅರ್ಧ ಲೋಟ ಮುಗಿಸಿ ನಿಲ್ಲಿಸಿದರು.

"ಹೇಗಿದೆ ಅತ್ತೆ?" ಎಂದ ಅವನು.

"ಹಸಿ ಮಣ್ಣು ಕದಡಿದ ಹಾಗಿದೆ."

ಟೈಯವನು ತಲೆ ತಗ್ಗಿಸಿದ. ದೊಡ್ಡಳಿಯನ ಮುಖದಲ್ಲಿ ಮೀನಿನ ದುಃಖದ ನಡುವೆಯೂ ಒಂದು ಆಸೆ ಮಿಂಚಿ, ಅವನ ಕೈ ಹೊಸ್ತಿಲ ಪೆಟ್ಟಿಗೆಯ ಹಿಡಿಯ ಕಡೆ ಹೋಯಿತು.

"ಅದನ್ನ ಒಳಗಿಡಿ ದೊಡ್ಡಳಿಯಂದ್ರೇ," ಎಂದರು ಅತ್ತೆ ಆ ಕಡೆ ನೋಡದೆಯೇ. "ಮಣ್ಣು ಕುಡಿಯೋಕೆ ಅಷ್ಟು ದೂರ ಯಾಕೆ ಬರ್ಲಿ? ನಮ್ಮ ಚಿಕ್ಕಳಿಯ ಇಲ್ಲೇ ಕಲಸಿ ಕೊಡ್ತಾರೆ."

ಹಾಗೆಂದು, ಮೂಗು ಹಿಡಿದುಕೊಂಡು, ಉಳಿದರ್ಧವನ್ನು ಒಂದೇ ಉಸಿರಿಗೆ ಎತ್ತಿ ಕುಡಿದು, ಲೋಟವನ್ನು ಅಳಿಯನ ಕಣ್ಣ ಮುಂದೆ ತಲೆಕೆಳಗು ಮಾಡಿ ತೋರಿಸಿದರು. ಒಂದು ಹನಿಯೂ ಬೀಳಲಿಲ್ಲ.